ಫೆನಿಗೆ ಲಂಡನ್ ಹತ್ತಿರ, ಕಾರವಾರ ದೂರ

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಆ ವಾರ ಎಲ್ಲೆಲ್ಲೂ ಸ್ಕಾಚ್ ವಿಸ್ಕಿಯದ್ದೇ ಮಾತು. ಆಮದು ಸುಂಕ ಶೇ 150ರಿಂದ ಶೇ 75ಕ್ಕೆ ಇಳಿಯುತ್ತದೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಬರುತ್ತದೆ ಅನ್ನೋದು ದೊಡ್ಡ ಸುದ್ದಿ. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಸುದ್ದಿ ಇತ್ತು. ಗೋವಾದ ಫೆನಿ, ನಾಸಿಕ್‌ನ ವೈನ್, ಕೇರಳದ ಸೇಂದಿ ಇನ್ನು ಮುಂದೆ ಬ್ರಿಟನ್ನಿನ ಅಂಗಡಿಗಳಲ್ಲಿ ಸ್ಕಾಚ್ ಪಕ್ಕದಲ್ಲೇ ಕೂರಲಿವೆ ಅಂತ.

ಉತ್ತರ ಕನ್ನಡದವರಿಗೆ ಇದು ಸ್ವಲ್ಪ ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಕಾರವಾರದಿಂದ ಗೋವಾ ಗಡಿಗೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಪರ್ಮಿಟ್ ಇಲ್ಲದೆ ಒಂದು ಬಾಟಲಿ ಫೆನಿ ಹಿಡಿದುಕೊಂಡು ಮಾಜಾಳಿ ಚೆಕ್‌ಪೋಸ್ಟ್ ದಾಟಲು ಹೋದರೆ ಅಬಕಾರಿಯವರು ಕಸಿದುಕೊಳ್ಳುತ್ತಾರೆ. ಸಮುದ್ರ ದಾಟಿ ಲಂಡನ್ನಿಗೆ ಹೋಗಬಲ್ಲ ಮದ್ಯ ಕಾಳಿ ನದಿ ದಾಟಿ ಕಾರವಾರ ಪೇಟೆಗೆ ಬರೋದಿಲ್ಲ ಅಂದರೆ ಏನರ್ಥ?

ಅಂದಹಾಗೆ, ಇದು ಮದುವೆ ಊಟದ ಫೇಣಿ ಅಲ್ಲ. ಗೇರು ಹಣ್ಣಿನ ರಸ ಕೊಳೆಸಿ ಇಳಿಸಿದ ಮದ್ಯ. ಕೊಂಕಣಿಯಲ್ಲಿ ನೊರೆಗೆ ಫೇಣ್ ಅಂತಾರೆ, ಹೆಸರು ಅಲ್ಲಿಂದ ಬಂತು ಅನ್ನೋದು ವಾಡಿಕೆಯ ಮಾತು.

ಜಿಐ ಟ್ಯಾಗ್ ಮಾರಾಟದ ಲೈಸೆನ್ಸ್ ಅಲ್ಲ

ಗೊಂದಲದ ಅರ್ಧ ಭಾಗ ಇಲ್ಲೇ ಇದೆ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಗಳಿಗೆ ಇರೋ ಟ್ಯಾಗೇ ಇದು. ಅದು ಕಾಯೋದು ಹೆಸರನ್ನು ಮಾತ್ರ. ಗೋವಾದಲ್ಲಿ, ಒಪ್ಪಿತವಾದ ಕ್ರಮದಲ್ಲಿ ಮಾಡಿದ್ದನ್ನು ಬಿಟ್ಟು ಬೇರೆಯದಕ್ಕೆ ಫೆನಿ ಅಂತ ಹೆಸರಿಡಬಾರದು, ಅಷ್ಟೇ. ಅದನ್ನು ಎಲ್ಲಿ ಮಾರಬಹುದು, ಯಾರು ಮಾರಬಹುದು, ಎಷ್ಟು ತೆರಿಗೆ ಅನ್ನೋದಕ್ಕೂ ಜಿಐಗೂ ಸಂಬಂಧವೇ ಇಲ್ಲ.

ಆ ಪ್ರಶ್ನೆಗಳಿಗೆ ಉತ್ತರ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಮದ್ಯದ ತಯಾರಿಕೆ, ಸಾಗಣೆ, ಖರೀದಿ, ಮಾರಾಟ ಎಲ್ಲವೂ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಅದರ ಅಬಕಾರಿ ಸುಂಕವೂ ರಾಜ್ಯದ್ದೇ. ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಹೊರಗಿಟ್ಟರು. ಯಾವ ರಾಜ್ಯವೂ ಆ ಆದಾಯ ಬಿಟ್ಟುಕೊಡಲು ತಯಾರಿರಲಿಲ್ಲ. ಜೊತೆಗೆ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಆ ತೀರ್ಪು ಬಂದದ್ದು ಖೋಡೇ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ.

ಇದರಿಂದ ಆಗೋದೇನು? ದೆಹಲಿ ಸರ್ಕಾರ ಲಂಡನ್ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಗೋವಾದ ಮದ್ಯವನ್ನು ನಿಮ್ಮ ಅಂಗಡಿಯಲ್ಲಿ ಇಡಿ ಅಂತ ಬೆಂಗಳೂರಿಗೆ ಹೇಳೋ ಹಾಗಿಲ್ಲ. ಕರ್ನಾಟಕದಲ್ಲಿ ಸಗಟು ವ್ಯಾಪಾರ ಪೂರ್ತಿಯಾಗಿ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಪ್ರತಿ ಬ್ರ್ಯಾಂಡಿನ ಲೇಬಲ್ಲನ್ನೂ ಅಬಕಾರಿ ಇಲಾಖೆಯಲ್ಲಿ ನೋಂದಾಯಿಸಿ, ಶುಲ್ಕ ಕಟ್ಟಿ, ನಿಗಮದ ಗೋದಾಮಿಗೆ ತಲುಪಿಸಬೇಕು. ದೊಡ್ಡ ಕಂಪನಿಗೆ ಇದು ಮಾಮೂಲಿ ಖರ್ಚು. ವರ್ಷಕ್ಕೆ ಮೂರು ತಿಂಗಳು ಮಾತ್ರ ಭಟ್ಟಿ ಉರಿಸುವವನಿಗೆ ಇದು ಯೋಚಿಸುವ ಮಾತೂ ಅಲ್ಲ.

ಸ್ಕಾಚ್ ಬೆಲೆ ಅರ್ಧ ಆಗುತ್ತೆ ಅಂತ ಕಾದವರಿಗೂ ಇದೇ ಉತ್ತರ. ಇಳಿಯೋದು ಕೇಂದ್ರದ ಆಮದು ಸುಂಕ ಮಾತ್ರ, ರಾಜ್ಯದ ತೆರಿಗೆ ಇದ್ದಲ್ಲೇ ಇರುತ್ತದೆ.

ಮರದ ಬುಡದಿಂದ ಭಟ್ಟಿಯವರೆಗೆ

ಗೇರು ಮರ ಬ್ರೆಜಿಲ್ ಕಡೆಯದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂತು. ಬೀಜ ಎಲ್ಲರಿಗೂ ಗೊತ್ತು, ಗೋಡಂಬಿ. ಹಣ್ಣಿನ ಕಥೆ ಬೇರೆ. ತೂಕದಲ್ಲಿ ಅದು ಬೀಜದ ಆರೇಳು ಪಟ್ಟು ಇರುತ್ತದೆ. ಆದರೆ ಕಿತ್ತ ಒಂದೆರಡು ದಿನಕ್ಕೆ ಕೆಟ್ಟು ಹೋಗುತ್ತದೆ. ತಿಂದರೆ ಗಂಟಲು ಕೆರೆಯುತ್ತದೆ. ಬೀಜ ಕಿತ್ತುಕೊಂಡು ಹಣ್ಣು ಎಸೆಯೋದು ಬಹುತೇಕ ಕಡೆಗಳ ರೂಢಿ. ಗೋವಾದವರು ಎಸೆಯಲಿಲ್ಲ. ತೆಂಗಿನ ಸೇಂದಿ ಇಳಿಸಿ ಮದ್ಯ ಮಾಡುವ ವಿದ್ಯೆ ಅವರಿಗೆ ಮೊದಲೇ ಗೊತ್ತಿತ್ತು. ಅದನ್ನೇ ಈ ಹಣ್ಣಿಗೆ ಹೊಂದಿಸಿಕೊಂಡರು.

ಕೆಲಸ ಶುರುವಾಗೋದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಮರದಿಂದ ಹಣ್ಣು ಕೀಳೋದಿಲ್ಲ. ತಾನಾಗಿ ಬಿದ್ದದ್ದನ್ನು ಆರಿಸುತ್ತಾರೆ, ಪೂರ್ತಿ ಮಾಗಿರೋದು ಅದೇ. ಬೀಜ ಬೇರ್ಪಡಿಸಿ, ಮುರಕಲ್ಲಿನಲ್ಲಿ ಕೊರೆದ ತೊಟ್ಟಿಗೆ ಸುರಿದು ಕಾಲಿನಿಂದ ತುಳಿಯುತ್ತಾರೆ. ಆ ತೊಟ್ಟಿಗೆ ಕೊಳಂಬಿ ಅಂತ ಹೆಸರು. ತುಳಿದು ಉಳಿದ ತಿರುಳನ್ನು ಗುಡ್ಡೆ ಕಟ್ಟಿ, ಬಳ್ಳಿ ಸುತ್ತಿ, ಮೇಲೆ ಕಲ್ಲಿನ ಭಾರ ಹೇರುತ್ತಾರೆ. ಅದರಿಂದ ತೊಟ್ಟಿಕ್ಕುವ ತಿಳಿ ರಸ ನೀರೊ. ಅದನ್ನು ತಣ್ಣಗೆ ಮಕ್ಕಳೂ ಕುಡಿಯುತ್ತಾರೆ.

ತುಳಿದ ರಸ ಮೂರು ದಿನ ಕೊಡೆಂ ಅನ್ನುವ ಮಡಕೆಯಲ್ಲಿ ಹುಳಿಯುತ್ತದೆ. ಹೊರಗಿನಿಂದ ಯೀಸ್ಟ್ ಹಾಕೋದಿಲ್ಲ, ಹಣ್ಣಿನ ಮೇಲಿರೋದೇ ಸಾಕು. ಆಮೇಲೆ ಭಟ್ಟಿ. ಹಿಂದೆ ಮಣ್ಣಿನ ಮಡಕೆ, ಈಗ ಹೆಚ್ಚಾಗಿ ತಾಮ್ರದ್ದು. ಕೆಳಗೆ ಸೌದೆ ಬೆಂಕಿ. ಮೊದಲ ಸಲ ಇಳಿದದ್ದು ಉರಾಕ್, ಹಗುರ, ಹದಿನೈದರ ಆಸುಪಾಸಿನ ಶೇಕಡಾ ಮದ್ಯಸಾರ. ಉರಾಕಿಗೆ ಹುಳಿದ ರಸ ಸೇರಿಸಿ ಎರಡನೇ ಸಲ ಇಳಿಸಿದರೆ ಫೆನಿ. ಅದರಲ್ಲಿ ಮದ್ಯಸಾರ ಶೇ 42ರಿಂದ 45.

ಉರಾಕ್ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಅದು ಬೇಸಿಗೆಯ ಪಾನೀಯ. ಲಿಮ್ಕಾ, ಉಪ್ಪು, ಸೀಳಿದ ಹಸಿ ಮೆಣಸಿನಕಾಯಿ ಹಾಕಿ ಕುಡಿಯೋದು ರೂಢಿ. ಮಳೆ ಬೀಳುವ ಹೊತ್ತಿಗೆ ಮುಗಿಯಿತು. ಸಿಗೋದು ಹಳೇ ನೀರಿನ ಬಾಟಲಿಯಲ್ಲಿ. ಅದಕ್ಕೆ ಚೆಂದದ ಲೇಬಲ್ ಹಚ್ಚಲು ಯಾರೂ ಹೋಗೋದಿಲ್ಲ.

‘ನಾಡ ಸಾರಾಯಿ’ ಹಣೆಪಟ್ಟಿ ಎಲ್ಲಿಂದ ಬಂತು

ಬ್ರಿಟನ್ ಜೊತೆ ಗೋವಾದ ಮದ್ಯಕ್ಕೆ ಇದು ಮೊದಲ ಒಪ್ಪಂದ ಅಲ್ಲ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಬಂದಿದ್ದವು. ಅದರ ಪ್ರಕಾರ ಬಾಂಬೆ ಪ್ರಾಂತ್ಯದ ಅಬಕಾರಿ ಪದ್ಧತಿ ಗೋವಾಕ್ಕೂ ಬಂತು. ಅದೇ ವರ್ಷ ಬಾಂಬೆ ಅಬಕಾರಿ ಕಾಯ್ದೆಯೂ ಬಂದಿತ್ತು. ಸರ್ಕಾರಕ್ಕೆ ಬೇಕಿದ್ದದ್ದು ತೆರಿಗೆ. ಊರೂರಲ್ಲಿ ಚೆದುರಿದ ಭಟ್ಟಿಗಳಿಂದ ತೆರಿಗೆ ವಸೂಲಿ ಕಷ್ಟ. ಒಂದೇ ದೊಡ್ಡ ಡಿಸ್ಟಿಲರಿ ಇದ್ದರೆ ಬಾಗಿಲಲ್ಲಿ ಕೂತು ಎಣಿಸಬಹುದು. ಹೀಗೆ ಊರಿನ ಮದ್ಯ ಒಂದು ಕಡೆ, ‘ಫಾರಿನ್ ಲಿಕರ್’ ಇನ್ನೊಂದು ಕಡೆ ಅಂತ ಎರಡು ಪಂಕ್ತಿ ಆಯಿತು. ಮೊದಲಿನದ್ದು ಬಡವರದ್ದು, ಅನುಮಾನದ್ದು. ಎರಡನೆಯದ್ದು ಮರ್ಯಾದಸ್ಥರದ್ದು.

ಬ್ರಿಟಿಷರು ಹೋದರು, ಪಂಕ್ತಿ ಉಳಿಯಿತು. ಇಂದಿಗೂ ನಮ್ಮ ಕಾನೂನಿನಲ್ಲಿ ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’ ಅನ್ನುವ ವಿಚಿತ್ರ ವರ್ಗ ಇದೆ. ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಬಣ್ಣ, ವಾಸನೆ ಸೇರಿಸಿದರೂ ಅದು ‘ವಿದೇಶಿ’. ಅದೇ ಗೋವಾದಲ್ಲಿ ಈಗ ಹೆಸರುವಾಸಿ ಜಿನ್‌ಗಳು ತಯಾರಾಗುತ್ತವೆ. ಗ್ರೇಟರ್ ದ್ಯಾನ್, ಹಪುಸಾ, ಸ್ಟ್ರೇಂಜರ್ ಅಂಡ್ ಸನ್ಸ್ ಎಲ್ಲವೂ ಅಲ್ಲಿಯವೇ, ಎಲ್ಲವೂ ಇತ್ತೀಚಿನ ಹತ್ತು ವರ್ಷದೊಳಗಿನವು. ಕಾನೂನಿನ ಕಣ್ಣಲ್ಲಿ ಅವು ವಿದೇಶಿ ವರ್ಗ, ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ದಾರಿ ಗೊತ್ತಿರೋದೇ. ಶತಮಾನಗಳಿಂದ ಅಲ್ಲೇ ಇರುವ ಫೆನಿ ಮಾತ್ರ ‘ಕಂಟ್ರಿ ಲಿಕರ್’, ಅಂದರೆ ನಾಡ ಸಾರಾಯಿ. ಹೆಚ್ಚಿನ ರಾಜ್ಯಗಳು ಹೊರಗಿನ ಕಂಟ್ರಿ ಲಿಕರ್ ಒಳಗೆ ಬಿಡೋದಿಲ್ಲ.

2016ರಲ್ಲಿ ಗೋವಾ ತನ್ನ ಅಬಕಾರಿ ಕಾನೂನನ್ನು ತಿದ್ದಿ, ಫೆನಿಯನ್ನು ಆ ವರ್ಗದಿಂದ ತೆಗೆದು ‘ಪರಂಪರೆಯ ಮದ್ಯ’ ಅಂತ ಕರೆಯಿತು. ಒಳ್ಳೆಯ ಕೆಲಸ. ಆದರೆ ಅದು ಗೋವಾದ ಕಾನೂನು. ಗೋವಾ ಗಡಿಯ ಊರು ಪೋಳೆ ದಾಟಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ ಅದನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಅಂತ ತಾವೇ ತೀರ್ಮಾನಿಸಬೇಕು.

ಅಬಕಾರಿ ಇಲಾಖೆಯ ಭಯ ಪೂರ್ತಿ ಸುಳ್ಳಲ್ಲ

ರಾಜ್ಯಗಳು ಸುಮ್ನೆ ಹಟ ಮಾಡುತ್ತಿವೆ ಅನ್ನೋದು ಸರಿಯಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಕರ್ನಾಟಕ ಸಾರಾಯಿ ನಿಷೇಧಿಸಿತು. ಮರುವರ್ಷವೇ, 2008ರ ಮೇನಲ್ಲಿ, ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡು ಗಡಿಯಲ್ಲಿ ಕಳ್ಳಭಟ್ಟಿಗೆ ನೂರಾರು ಜನ ಬಲಿಯಾದರು. ಸಾರಾಯಿ ಬೇಡ ಅಂತ ಊರೂರುಗಳಲ್ಲಿ ಬೀದಿಗಿಳಿದವರು ಹೆಂಗಸರು. ಅವರ ಕಣ್ಣಿಗೆ ‘ಪರಂಪರೆಯ ಮದ್ಯ’ ಅನ್ನೋದು ಹಳೇ ಹೆಂಡಕ್ಕೆ ಹೊಸ ಹೆಸರು ಅಂತ ಕಂಡರೆ ತಪ್ಪು ಹೇಳೋಕಾಗಲ್ಲ. ಸಂವಿಧಾನದ 47ನೇ ವಿಧಿಯೂ ಪಾನನಿಷೇಧದತ್ತ ಸಾಗಿ ಅಂತಲೇ ರಾಜ್ಯಗಳಿಗೆ ಹೇಳುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಇಂಥ ದುರಂತಗಳಲ್ಲಿ ಕೊಲ್ಲೋದು ಹೆಚ್ಚಾಗಿ ಮೆಥನಾಲ್. ಕಾರ್ಖಾನೆ ಬಳಕೆಯ ಮೆಥನಾಲನ್ನು ಅಗ್ಗ ಅಂತ ಬೆರೆಸುತ್ತಾರೆ. ಹಣ್ಣು ಹುಳಿಸಿ, ಮೊದಲ ಹನಿಗಳನ್ನು ಚೆಲ್ಲಿ, ನಿಧಾನವಾಗಿ ಇಳಿಸುವ ಭಟ್ಟಿಗೂ ಈ ಬೆರಕೆ ದಂಧೆಗೂ ಸಂಬಂಧ ಇಲ್ಲ. ಆದರೆ ಚೆಕ್‌ಪೋಸ್ಟಿನಲ್ಲಿ ನಿಂತ ಪೇದೆಗೆ ಎರಡೂ ಲೇಬಲ್ ಇಲ್ಲದ ಬಾಟಲಿಯಲ್ಲಿ ತುಂಬಿದ ಬಣ್ಣವಿಲ್ಲದ ನೀರು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸೋದು ಬಾಟಲಿ ಮತ್ತು ಅದರ ಮೇಲಿನ ಚೀಟಿ ಮಾತ್ರ.

ಬಾಟಲಿಯೇ ಜಾಹೀರಾತು

ಬಾಟಲಿಯ ಅಂದ ಕೊನೆಗೆ ಹಚ್ಚುವ ಬಣ್ಣ ಅಂತ ನಾವು ತಿಳಿದಿರುತ್ತೇವೆ. ಮದ್ಯದ ವಿಷಯದಲ್ಲಿ ಹಾಗಲ್ಲ. ನಮ್ಮ ದೇಶದಲ್ಲಿ ಟಿವಿಯಲ್ಲಿ ಮದ್ಯದ ನೇರ ಜಾಹೀರಾತು ಹಾಕುವಂತಿಲ್ಲ. ದೊಡ್ಡ ಕಂಪನಿಗಳು ಸೋಡಾ, ಸಂಗೀತದ ಸಿಡಿ ಹೆಸರಲ್ಲಿ ದಾರಿ ಹುಡುಕಿಕೊಂಡವು. ಚಿಕ್ಕವರಿಗೆ ಆ ದುಡ್ಡೂ ಇಲ್ಲ. ಉಳಿದದ್ದು ಅಂಗಡಿಯ ಶೆಲ್ಫ್. ಅಲ್ಲಿ ಗಿರಾಕಿ ಎರಡು ಕ್ಷಣ ನೋಡುವಾಗ ಬಾಟಲಿ ತಾನೇ ಮಾತಾಡಬೇಕು. ಲೇಬಲ್ ಮೇಲಿನ ಜಾಗದಲ್ಲಿ ಒಂದಿಷ್ಟು ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಅನ್ನೋ ಕಡ್ಡಾಯ ಎಚ್ಚರಿಕೆಗೆ ಹೋಗುತ್ತದೆ. ಉಳಿದ ಅಂಗೈಯಗಲದಲ್ಲಿ ಐದು ಶತಮಾನದ ಕಥೆ ಹೇಳಬೇಕು.

ಫೆನಿಗೆ ಅದರದ್ದೇ ಒಂದು ಬಾಟಲಿ ಇತ್ತು. ಗರಫಾಂವ್ ಅಂತ ಹೆಸರು. ಉಬ್ಬಿದ ಹೊಟ್ಟೆ, ಗಿಡ್ಡ ಕತ್ತು, ಹಸಿರು ಛಾಯೆಯ ದಪ್ಪ ಗಾಜು, ಸುತ್ತ ಬೆತ್ತದ ಹೆಣಿಗೆ. ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಗೋವಾದ ಹಳೇ ಮನೆಗಳಲ್ಲಿ ಒಳ್ಳೆಯ ಫೆನಿ ವರ್ಷಗಟ್ಟಲೆ ಇದರಲ್ಲಿ ಕೂರುತ್ತಿತ್ತು. ಕಾಂದೋಳಿಯಲ್ಲಿ 2021ರಲ್ಲಿ ತೆರೆದ ಮದ್ಯದ ವಸ್ತುಸಂಗ್ರಹಾಲಯದಲ್ಲಿ ಇಂಥ ಹಳೇ ಗಾಜುಗಳು ಈಗಲೂ ನೋಡಲು ಸಿಗುತ್ತವೆ. ಆದರೆ ಅದು ಮನೆಯ ಪಾತ್ರೆ, ಅಂಗಡಿಯದ್ದಲ್ಲ. ಅಂಗಡಿಗೆ ಬಂದ ಫೆನಿ ದಶಕಗಳ ಕಾಲ ಮಾಮೂಲಿ ಗಾಜಿನಲ್ಲಿ, ಗೇರು ಹಣ್ಣಿನ ಚಿತ್ರ ಹಚ್ಚಿಕೊಂಡು, ಪ್ರವಾಸಿಗರ ಅಗ್ಗದ ನೆನಪಿನ ಸಾಮಾನಾಗಿ ನಿಂತಿತ್ತು. ಈಗಿನ ಕೆಲವು ಹೊಸ ಬ್ರ್ಯಾಂಡುಗಳು ದಪ್ಪ ತಳದ ಬಾಟಲಿ, ನೀಲಿ ಬಿಳಿ ಹೆಂಚಿನ ಚಿತ್ತಾರ, ಕೈಬರಹದ ಹೆಸರು ಅಂತ ಬೇರೆ ದಾರಿ ಹಿಡಿದಿವೆ.

ಈ ದಾರಿ ತೋರಿಸಿದ್ದು ಮೆಕ್ಸಿಕೊ. ಕತ್ತಾಳೆಯಿಂದ ಇಳಿಸುವ ಅಲ್ಲಿಯ ಮೆಸ್ಕಾಲ್ ಮದ್ಯದ ಕಥೆ ಫೆನಿಯದ್ದಕ್ಕಿಂತ ಬೇರೆ ಅಲ್ಲ. ಹಳ್ಳಿಯ ಭಟ್ಟಿ, ಹೊಗೆ ವಾಸನೆ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಮಾರಾಟ, ಪೇಟೆಯವರ ತಾತ್ಸಾರ. 1994ರಲ್ಲಿ ಅದಕ್ಕೆ ಮೂಲದ ಹೆಸರಿನ ರಕ್ಷಣೆ ಸಿಕ್ಕಿತು. ಅಲ್ಲಿಂದ ಇಪ್ಪತ್ತೈದು ವರ್ಷದೊಳಗೆ ನ್ಯೂಯಾರ್ಕಿನ ಬಾರುಗಳಲ್ಲಿ ದುಬಾರಿ ಪಾನೀಯವಾಯಿತು. ಕತ್ತಾಳೆಯದ್ದೇ ಇನ್ನೊಂದು ಮದ್ಯ ಟಕೀಲಾ ಇನ್ನೂ ಮುಂದೆ ಹೋಯಿತು. ಕ್ಲಾಸೆ ಅಸುಲ್ ಅನ್ನುವ ಬ್ರ್ಯಾಂಡ್ ತನ್ನ ಟಕೀಲಾವನ್ನು ಪಿಂಗಾಣಿ ಹೂಜಿಯಲ್ಲಿ ತುಂಬುತ್ತದೆ. ಸಾಂತಾ ಮರಿಯಾ ಕಂಚೆಸ್ದಾ ಎಂಬ ಊರಿನಲ್ಲಿ ಮಸಾವಾ ಬುಡಕಟ್ಟಿನ ಕುಶಲಕರ್ಮಿಗಳು, ಹೆಚ್ಚಾಗಿ ಹೆಂಗಸರು, ಒಂದೊಂದಕ್ಕೂ ಕೈಯಲ್ಲೇ ಬಣ್ಣ ಬರೆಯುತ್ತಾರೆ. ಖಾಲಿಯಾದ ಮೇಲೂ ಜನ ಆ ಬಾಟಲಿ ಎಸೆಯೋದಿಲ್ಲ. ಕೊಳ್ಳುವವನು ಅರ್ಧ ದುಡ್ಡು ಹೂಜಿಗೇ ಕೊಡುತ್ತಾನೆ ಅಂತ ಗೊಣಗುವವರೂ ಇದ್ದಾರೆ. ಆದರೆ ಅಲ್ಲಿ ಒಂದು ಊರಿನ ಕೈಗಳಿಗೆ ಕೆಲಸ ಸಿಕ್ಕಿದೆ, ಅಲ್ವಾ?

ಚಿತ್ತಾರ ಯಾರದ್ದು, ಹೆಸರು ಯಾರದ್ದು

ಎಲ್ಲ ಬಾಟಲಿಗಳೂ ಅಷ್ಟು ಸಾಚಾ ಅಲ್ಲ. ಚಿಲಿ ದೇಶದ ಪಿಸ್ಕೊ ಅನ್ನುವ ದ್ರಾಕ್ಷಿ ಮದ್ಯ ‘ಮೊವಾಯ್’ ಆಕಾರದ ಕಪ್ಪು ಬಾಟಲಿಯಲ್ಲಿ ಸಿಗುತ್ತದೆ. ಮೊವಾಯ್ ಅಂದರೆ ಈಸ್ಟರ್ ದ್ವೀಪದ ಆ ಉದ್ದ ಮುಖದ ಕಲ್ಲಿನ ವಿಗ್ರಹಗಳು. ದ್ರಾಕ್ಷಿ ಬೆಳೆಯುವ ಕಣಿವೆಗೂ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಆ ದ್ವೀಪದ ಪೂರ್ವಜರಿಗೂ ಏನೂ ಸಂಬಂಧವಿಲ್ಲ. ಶೆಲ್ಫಿನಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಇದೇ ಪಿಸ್ಕೊ ಹೆಸರಿಗಾಗಿ ಪೆರು ಮತ್ತು ಚಿಲಿ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಕೋರ್ಟು ಅಲೆದಿವೆ. ದಕ್ಷಿಣ ಅಮೆರಿಕದ ಜಗಳ ದೆಹಲಿ ಹೈಕೋರ್ಟಿಗೆ ಯಾಕೆ ಬಂತು? ಜಿಐ ಅನ್ನೋದು ಆಯಾ ದೇಶದ ಕಾನೂನು. ಒಂದು ದೇಶದಲ್ಲಿ ಸಿಕ್ಕಿದ ರಕ್ಷಣೆ ಇನ್ನೊಂದರಲ್ಲಿ ತಾನಾಗಿ ಸಿಗೋದಿಲ್ಲ. ಫೆನಿಗೆ ಬ್ರಿಟನ್ನಿನಲ್ಲಿ ಹೆಸರಿನ ರಕ್ಷಣೆ ಬೇಕು ಅಂದಾಗಲೂ ಇದೇ ಮಾತು.

ಹೆಸರಿನ ಜಗಳ ನಮ್ಮ ಮಗ್ಗುಲಲ್ಲೂ ಇದೆ. ಕೇರಳದ ಕಣ್ಣೂರು ಜಿಲ್ಲೆಯ ಪಯ್ಯಾವೂರು ಸಹಕಾರಿ ಬ್ಯಾಂಕ್ ಗೇರು ಹಣ್ಣಿನಿಂದ ಮದ್ಯ ಮಾಡಲು 2022ರಲ್ಲಿ ಸರ್ಕಾರದ ಅನುಮತಿ ಪಡೆಯಿತು. ಪತ್ರಿಕೆಗಳು ಅದನ್ನು ‘ಕಣ್ಣೂರು ಫೆನಿ’ ಅಂದವು. ಜಿಐ ಪ್ರಕಾರ ಆ ಹೆಸರು ಗೋವಾದ್ದು. ಹಣ್ಣು ಅದೇ, ವಿಧಾನ ಹತ್ತಿರದ್ದೇ, ಹೆಸರು ಮಾತ್ರ ಹೇಳುವಂತಿಲ್ಲ. ಇನ್ನೊಂದು ವಿಚಿತ್ರ ಗೋವಾದ ಒಳಗೇ ಇದೆ. 2009ರ ಟ್ಯಾಗ್ ಗೇರು ಫೆನಿಗೆ ಮಾತ್ರ. ಅದಕ್ಕಿಂತ ಹಳೆಯ ತೆಂಗಿನ ಫೆನಿ ಹೊರಗೇ ಉಳಿಯಿತು.

ನಮ್ಮ ಕರಾವಳಿಯಲ್ಲೂ ಗೇರು ಕಡಿಮೆ ಇಲ್ಲ. ಮಂಗಳೂರಿನಲ್ಲಿ ಗೇರು ಅಭಿವೃದ್ಧಿ ನಿಗಮ ಇದೆ, ಪುತ್ತೂರಿನಲ್ಲಿ ಕೇಂದ್ರದ ಗೇರು ಸಂಶೋಧನಾ ನಿರ್ದೇಶನಾಲಯ ಇದೆ. ಹಣ್ಣು ಮಾತ್ರ ಬಹುಪಾಲು ಮರದ ಬುಡದಲ್ಲೇ ಕೊಳೆಯುತ್ತದೆ. ಕರ್ನಾಟಕ ಒಂದು ದಿನ ಅದಕ್ಕೆ ಭಟ್ಟಿ ಲೈಸೆನ್ಸ್ ಕೊಟ್ಟರೂ ಬಾಟಲಿ ಮೇಲೆ ಫೆನಿ ಅಂತ ಬರೆಯೋಕಾಗಲ್ಲ. ಬೇರೆ ಹೆಸರು ಹುಡುಕಬೇಕು. ಅದು ನಷ್ಟವೇ ಆಗಬೇಕಂತಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಬೆಲ್ಲದ ರಮ್ಮಿಗೆ ‘ಬೆಲ್ಲ’ ಅಂತಲೇ ಹೆಸರಿಟ್ಟಿದೆ. ನಂಜನಗೂಡು ಕಡೆ ಚಿಕ್ಕ ಡಿಸ್ಟಿಲರಿಯೊಂದು ಬೆಲ್ಲದಿಂದಲೇ ‘ಹುಲಿ’ ಅನ್ನುವ ಮದ್ಯ ತಯಾರಿಸುತ್ತಿದೆ. ಕನ್ನಡ ಹೆಸರು ಬಾಟಲಿ ಮೇಲೆ ಮಾರಾಟವಾಗುತ್ತದೆ ಅನ್ನೋ ಧೈರ್ಯ ಇತ್ತೀಚಿನದ್ದು.

ಲಂಡನ್ ದಾರಿ ತೆರೆದರೆ ಏನಾಗಬಹುದು

ಒಳ್ಳೆಯದರಿಂದಲೇ ಶುರು ಮಾಡೋಣ. ಹೊರದೇಶದ ಮನ್ನಣೆ ಒಳಗಿನ ಬಾಗಿಲು ತೆರೆಸಿದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಭಾರತದ ಅಂಗಡಿಗೆ ಬಂದದ್ದು ವರ್ಷಗಳ ನಂತರ. ಅಲ್ಲಿಯವರು ಹೊಗಳಿದ ಮೇಲೆ ಇಲ್ಲಿಯವರಿಗೆ ರುಚಿ ಹತ್ತಿತು. ಫೆನಿಗೂ ಹಾಗೇ ಆದರೆ, ‘ನಾಡ ಸಾರಾಯಿ’ ಅಂತ ತಳ್ಳಿಹಾಕೋದು ನೆರೆ ರಾಜ್ಯಗಳಿಗೆ ಸ್ವಲ್ಪ ಮುಜುಗರದ ಕೆಲಸವಾಗಬಹುದು.

ಇನ್ನು ಬೆಲೆ ತೆರಬೇಕಾದ ಕಡೆ. ರಫ್ತಿಗೆ ಬೇಕಾದದ್ದು ಪ್ರತಿ ಬಾಟಲಿಯಲ್ಲೂ ಒಂದೇ ರುಚಿ, ಒಂದೇ ಶಕ್ತಿ, ಪ್ರಯೋಗಾಲಯದ ವರದಿ. ಭಟ್ಟಿಯ ಫೆನಿ ಹಾಗಲ್ಲ. ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಹಾಗಾಗಿ ಬಾಟಲಿ ತುಂಬುವ ಕಂಪನಿ ಹತ್ತಾರು ಭಟ್ಟಿಗಳಿಂದ ಕೊಂಡು ಬೆರೆಸಿ ಸಮ ಮಾಡುತ್ತದೆ. ಭಟ್ಟಿಯವನ ಹಣ್ಣಿನ ಹಕ್ಕೂ ಗಟ್ಟಿಯಲ್ಲ. ಗೋವಾದಲ್ಲಿ ಗೇರು ಪ್ರದೇಶಗಳನ್ನು ವಲಯ ಮಾಡಿ ಹರಾಜು ಹಾಕುತ್ತಾರೆ, ಕೂಗಿದವನಿಗೆ ಆ ಹಂಗಾಮು. ಬಾಟಲಿ ಬೆಲೆ ಏರಿದರೆ ಹರಾಜಿನ ಕೂಗೂ ಏರುತ್ತದೆ. ಆಗ ಕೂಗಬಲ್ಲವರು ಯಾರು? ಭಟ್ಟಿಯವನು ತನ್ನ ಹೆಸರಲ್ಲಿ ಮಾರುವ ಬದಲು ಕಂಪನಿಗೆ ಲೀಟರ್ ಲೆಕ್ಕದಲ್ಲಿ ಸುರಿಯುವವನಾಗುತ್ತಾನೆ. ಎಲ್ಲ ರಸವೂ ಫೆನಿಯತ್ತ ಹೋದರೆ ಉರಾಕ್ ಕಡಿಮೆಯಾಗುತ್ತದೆ. ಹಡಗು ಹತ್ತಲಾಗದ ಪಾನೀಯಕ್ಕೆ ರಸ ಯಾಕೆ ಖರ್ಚು ಮಾಡುತ್ತಾರೆ?

ಮೆಕ್ಸಿಕೊದಲ್ಲಿ ಇದು ಆಗಿಹೋಗಿದೆ. ಮೆಸ್ಕಾಲ್ ಅನ್ನುವ ಹೆಸರು ಹಚ್ಚಿಕೊಳ್ಳಲು ಪ್ರಮಾಣಪತ್ರದ ಖರ್ಚು ಜಾಸ್ತಿ. ಕೆಲವು ಹಳ್ಳಿ ತಯಾರಕರು ಆ ಹೆಸರನ್ನೇ ಬಿಟ್ಟು, ಸುಮ್ನೆ ‘ಕತ್ತಾಳೆಯ ಮದ್ಯ’ ಅಂತ ಬರೆದು ಮಾರುತ್ತಿದ್ದಾರೆ. ಯಾರ ಹೆಸರು ಕಾಯಲು ಕಾನೂನು ಬಂತೋ ಅವರೇ ಹೊರಗೆ.

ಆದರೆ ಅದೇ ಮೆಸ್ಕಾಲ್ ಬಾಟಲಿಯನ್ನು ತಿರುಗಿಸಿ ನೋಡಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಯಾವ ಜಾತಿಯ ಕತ್ತಾಳೆ, ಯಾವ ರಾಜ್ಯದ್ದು ಅನ್ನೋದು ಅಲ್ಲಿ ಇರುತ್ತದೆ. ಒಳ್ಳೆಯ ಬ್ರ್ಯಾಂಡುಗಳು ಹಳ್ಳಿಯ ಹೆಸರು, ಇಳಿಸಿದ ಮೇಸ್ತ್ರಿಯ ಹೆಸರನ್ನೂ ಹಾಕುತ್ತವೆ. ಫೆನಿ ಬಾಟಲಿಯ ಹಿಂದೆ ಕಾಣೋದು ತುಂಬಿದ ಕಂಪನಿಯ ವಿಳಾಸ, ಅಳತೆ, ಶಕ್ತಿ, ಎಚ್ಚರಿಕೆ. ಭಟ್ಟಿ ಯಾವ ಊರಿನದು ಅನ್ನೋದು ಹುಡುಕಿದರೂ ಸಿಗೋದು ಅಪರೂಪ. ಅದನ್ನು ಬರೆಯಲು ಯಾವ ಮುಕ್ತ ವ್ಯಾಪಾರ ಒಪ್ಪಂದವೂ ಬೇಕಾಗಿಲ್ಲ. ಎಚ್ಚರಿಕೆಯ ಸಾಲಿನ ಕೆಳಗೆ ಒಂದು ಬೆರಳಗಲ ಜಾಗ ಇದ್ದರೆ ಆಯಿತು.